ಖಾತೆ ಪುಸ್ತಕದಾಗಿನ ಕುಂಬ್ಳೆ

ಎಂಟು ತಿಂಗಳು ನನ್ನ ಟೇಬಲ್ ಡ್ರಾದಲ್ಲಿ ಒಂದು ಹಳೆ ಕ್ರಿಕೆಟ್ ಕಾರ್ಡು ಇತ್ತು. ಮೆತ್ತನೆ ಸ್ಲೀವ್ ಹಾಕಿ, ಅದರ ಮೇಲೆ ಅರೆಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು ಟೇಪ್ ಸುತ್ತಿದ್ದೆ. ಅದನ್ನ ಗ್ರೇಡಿಂಗ್‌ಗೆ, ಅಂದ್ರೆ ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಅಂತ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡೋ ಕಂಪನಿಗೆ, ಕಳಿಸೋ ಫಾರ್ಮ್ ಅರ್ಧ ತುಂಬಿತ್ತು. ಭಾನುವಾರ ಬಂದ್ರೆ ಟೇಪ್ ಬಿಚ್ತಿದ್ದೆ, ಕಾರ್ಡು ತೆಗೆದು ಕಿಟಕಿ ಬೆಳಕಿಗೆ ಹಿಡೀತಿದ್ದೆ, ಕಳಿಸ್ಬೇಕು ಅನ್ಸ್ತಿತ್ತು, ಹತ್ತು ನಿಮಿಷ ಆದ್ಮೇಲೆ ಬೇಡ ಅನ್ಸ್ತಿತ್ತು, ಮತ್ತೆ ಟೇಪ್ ಸುತ್ತಿ ಒಳಗಿಡ್ತಿದ್ದೆ. ಮನೆಯವಳು ಎರಡು ಸಲ ಕೇಳಿದ್ಲು, ಅದ್ಕೆಷ್ಟು ಬರುತ್ತೆ ಅಂತ. ಗ್ರೇಡ್ ಇಲ್ಲದೆ ಹಾಗೇ ಮಾರಿದ್ರೆ ಮೂರು ಸಾವಿರ ಅಂದೆ, ಬೆಂಗಳೂರಿನ ಒಬ್ಬ ಕಾರ್ಡು ಕಲೆಕ್ಟರ್ ಫೋಟೋ ನೋಡಿ ಅಷ್ಟಕ್ಕೆ ತಗೋತೀನಿ ಅಂದಿದ್ರು. ಮೂರು ಸಾವಿರದ ಕಾರ್ಡಿಗೆ ಎಂಟು ತಿಂಗಳು ಯೋಚನೆ ಯಾಕೆ ಅನ್ನೋದೇ ನನ್ನನ್ನ ಈ ಬರಹಕ್ಕೆ ಕೂರಿಸಿದ್ದು.

ಕಾರ್ಡು ಅನಿಲ್ ಕುಂಬ್ಳೆದು. ತೊಂಬತ್ತರ ದಶಕದ ನಡುವೆ ಆಸ್ಟ್ರೇಲಿಯಾದ ಫ್ಯೂಟೆರಾ ಕಂಪನಿ ಕ್ರಿಕೆಟ್ ಕಾರ್ಡು ಹಾಕ್ತಿತ್ತಲ್ಲ, ಆ ಕಾಲದ್ದು. ನಮ್ಮ ಸೋದರಮಾವ ಆಗ ಮೆಲ್ಬರ್ನ್‌ನಲ್ಲಿ ಓದ್ತಿದ್ರು, 1996ರ ಬೇಸಿಗೆ ರಜೆಗೆ ರಾಯಚೂರಿಗೆ ಬಂದಾಗ ಒಂದು ಪ್ಯಾಕೆಟ್ ತಂದುಕೊಟ್ರು. ನಮ್ಮ ಓಣಿ ಹುಡುಗರಿಗೆ ಅಲ್ಲೀವರೆಗೆ ಗೊತ್ತಿದ್ದ ಕಾರ್ಡು ಅಂದ್ರೆ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡು, ಆಮೇಲೆ ಬಿಗ್ ಫನ್ ಬಬಲ್‌ಗಮ್ ಜೊತೆ ಬರ್ತಿದ್ದ ರನ್ನು ವಿಕೆಟ್ಟಿನ ಚಿತ್ರಗಳು, ಅಷ್ಟೆ. ಇದು ಬೇರೆ ಥರ ಇತ್ತು. ದಪ್ಪ ಕಾಗದ, ಹೊಳಪು, ಮೂಗಿಗೆ ಹಿಡಿದ್ರೆ ಹೊಸ ಪಠ್ಯಪುಸ್ತಕದ ವಾಸನೆ. ಸಚಿನ್ ಕಾರ್ಡನ್ನ ನಾನು ಕಂಪಾಸ್ ಬಾಕ್ಸಿನಲ್ಲಿ ಹಾಕ್ಕೊಂಡು ದಿನಾ ಸ್ಕೂಲಿಗೆ ಒಯ್ತಿದ್ದೆ, ಒಂದು ವರ್ಷದೊಳಗೆ ನಾಲ್ಕೂ ಮೂಲೆ ಸವೆದು ಗುಂಡಗಾದ್ವು, ಕೈವಾರದ ಮೊನೆ ತಾಗಿ ಮುಖದ ಹತ್ರ ತೂತು ಬಿತ್ತು. ಕುಂಬ್ಳೆ ಕಾರ್ಡು ಮಾತ್ರ ಉಳೀತು. ಉಳಿದದ್ದು ನನ್ನ ಜೋಪಾನದಿಂದ ಅಲ್ಲ, ಅಪ್ಪ ಕಿತ್ಕೊಂಡಿದ್ರಿಂದ.

7 ಫೆಬ್ರವರಿ 1999, ಭಾನುವಾರ

ಆ ದಿನ ಏನಾಯ್ತು ಅಂತ ಯಾವ ಕನ್ನಡಿಗರಿಗೂ ಹೇಳೋದು ಬೇಕಿಲ್ಲ. ದೆಹಲಿಯ ಕೋಟ್ಲಾ ಮೈದಾನ, ಪಾಕಿಸ್ತಾನದ ಮೇಲೆ ಟೆಸ್ಟ್, ಕುಂಬ್ಳೆಗೆ 74 ರನ್ನಿಗೆ ಹತ್ತೂ ವಿಕೆಟ್. ನಾನು ಎಸ್ಸೆಸ್ಸೆಲ್ಸಿ, ಪರೀಕ್ಷೆಗೆ ಒಂದು ತಿಂಗಳು ಚಿಲ್ಲರೆ ಇತ್ತು. ಭಾನುವಾರ ಗಂಜ್‌ಗೆ, ಅಂದ್ರೆ ಹತ್ತಿ ಮಾರ್ಕೆಟ್ಟಿಗೆ, ರಜೆ, ಅಪ್ಪ ಮನೇಲಿದ್ರು. ಮಧ್ಯಾಹ್ನ ಊಟ ಆದ್ಮೇಲೆ ಕುಂಬ್ಳೆಗೆ ಒಂದರ ಹಿಂದೊಂದು ವಿಕೆಟ್ ಬೀಳೋಕೆ ಶುರುವಾದಾಗ ನಾನು ಒಳಗೆ ಓಡಿಹೋಗಿ ಆ ಕಾರ್ಡು ತಂದು ಟಿವಿ ಮೇಲೆ ನಿಲ್ಲಿಸಿದೆ, ಗೋಡೆಗೆ ಒರಗಿಸಿ. ಆರನೇ ವಿಕೆಟ್ಟಿಗೋ ಏಳನೇದಕ್ಕೋ ಗಾಳಿಗೆ ಬಿತ್ತು, ಅಪ್ಪನೇ ಎದ್ದು ಹೋಗಿ ನೆಟ್ಟಗೆ ನಿಲ್ಲಿಸಿದ್ರು. ಒಂಬತ್ತು ಬಿದ್ದ ಮೇಲೆ ಶ್ರೀನಾಥ್ ಬೇಕಂತಲೇ ವಿಕೆಟ್ಟಿನಿಂದ ದೂರ ದೂರ ಹಾಕ್ತಿದ್ರು, ತನಗೆ ವಿಕೆಟ್ ಬರಬಾರದು ಅಂತ. ನಮ್ಮಪ್ಪ ಅದನ್ನ ನೋಡಿ 'ಮೈಸೂರು ಮಂದಿ ದೊಡ್ಡ ಮನಸಿನವ್ರು ನೋಡಪಾ' ಅಂದದ್ದು ಇವತ್ತಿಗೂ ಕಿವೀಲಿದೆ. ವಾಸಿಂ ಅಕ್ರಂ ಬ್ಯಾಟಿಗೆ ತಾಗಿ ಲಕ್ಷ್ಮಣ್ ಕೈಗೆ ಹೋದಾಗ ಅಪ್ಪ ನನಗಿಂತ ಜೋರಾಗಿ ಕೂಗಿದ್ರು.

ಮರುದಿನ ಬೆಳಿಗ್ಗೆ ನಾನು ಗಣಿತ ಪುಸ್ತಕ ತೆಗೆದು ಅದರ ಮೇಲೆ ಕಾರ್ಡಿಟ್ಕೊಂಡು ಕೂತಿದ್ದೆ. ಅಪ್ಪ ಗಂಜ್‌ಗೆ ಹೊರಟವರು ನೋಡಿದ್ರು. 'ಪರೀಕ್ಷಾ ಮುಗಿಯೋತನ ಇದು ನನ್ನ ಹತ್ರ ಇರ್ಲಿ' ಅಂದ್ರು, ತಗೊಂಡು ಕಂಕುಳಲ್ಲಿದ್ದ ಕೆಂಪು ಬಟ್ಟೆ ಹೊದಿಕೆಯ ಖಾತೆ ಪುಸ್ತಕದೊಳಗೆ ಇಟ್ಕೊಂಡು ಹೋದ್ರು. ಪರೀಕ್ಷೆ ಮುಗೀತು, ನಾನೂ ಕೇಳಲಿಲ್ಲ, ಅವರೂ ಮರೆತ್ರು. ಕಾಲೇಜು, ಕೆಲಸ, ಮದುವೆ. 2022ರಲ್ಲಿ ಅಪ್ಪನ ಅಂಗಡಿ ಮುಚ್ಚಿದಾಗ ಹಳೆ ಖಾತೆ ಪುಸ್ತಕಗಳ ಗಂಟು ರದ್ದಿಗೆ ಹಾಕೋ ಮುಂಚೆ ಒಂದೊಂದೇ ಕೊಡವಿದೆ. 1998-99ರ ಪುಸ್ತಕದ ನಡುವಿಂದ ಕುಂಬ್ಳೆ ಜಾರಿ ನೆಲಕ್ಕೆ ಬಿದ್ರು. ಇಪ್ಪತ್ಮೂರು ವರ್ಷ ಬೆಳಕು ಕಾಣದೆ, ಕೈ ಬೆವರು ತಾಗದೆ, ನಮ್ಮೂರಿನ ಒಣ ಬಿಸಿಲಲ್ಲಿ ತೇವ ಇಲ್ಲದೆ ಪುಸ್ತಕದ ಭಾರಕ್ಕೆ ಮಲಗಿದ್ದ ಕಾರ್ಡು, ಕಣ್ಣಿಗೆ ಹೊಸದರ ಹಾಗೇ ಇತ್ತು. ನನ್ನ ಎದೆ ಬಡಿತ ಜಾಸ್ತಿಯಾದದ್ದು ನಿಜ. ಇದಕ್ಕೆ ಹತ್ತು ಬಂದ್ರೆ? ಅನ್ನೋ ಯೋಚನೆ ಅವತ್ತೇ ಬಂದದ್ದು.

ಗಂಜ್‌ನಲ್ಲಿ ಕಂಡ ಗ್ರೇಡಿಂಗ್

ಕಾರ್ಡು ಗ್ರೇಡಿಂಗ್ ಬಗ್ಗೆ ಯಾರಾದ್ರೂ ನನಗೆ ವಿವರಿಸೋಕೆ ಬಂದ್ರೆ ನನ್ನ ತಲೆಯೊಳಗೆ ಮೊದಲು ಬರೋದು ರಾಜೇಂದ್ರ ಗಂಜ್. ಅಪ್ಪ ಜಿನ್ನಿಂಗ್ ಮಿಲ್ಲುಗಳಿಗೆ ಹತ್ತಿ ಖರೀದಿ ಮಾಡಿಕೊಡೋರು. ದಸರಾ ಕಳೆದ ಮೇಲೆ ಅಂಡಿಗೆ, ಅಂದ್ರೆ ಹತ್ತಿಯ ದೊಡ್ಡ ಚೀಲ, ತುಂಬಿದ ಗಾಡಿ, ಟ್ರ್ಯಾಕ್ಟರು ಸಾಲುಗಟ್ಟಿ ನಿಲ್ತಿದ್ವು, ನಾನು ರಜೆ ದಿನ ಜೊತೆಗೆ ಹೋಗ್ತಿದ್ದೆ. ಅಪ್ಪ ಅಂಡಿಗೆ ಮೇಲಿನ ಹತ್ತಿ ಮುಟ್ತಾನೇ ಇರ್ಲಿಲ್ಲ. ಮೊಣಕೈವರೆಗೆ ಕೈ ಒಳಗೆ ತೂರಿಸಿ ನಡುವಿಂದ ಒಂದು ಹಿಡಿ ಎಳೆಯೋರು. ಮೇಲೆ ಒಳ್ಳೇದು ಹಾಕಿ ಒಳಗೆ ಹಸಿ ತುಂಬೋರು ಇರ್ತಾರೆ ಅಂತ. ಒಂದು ಬೀಜ ಬಿಡಿಸಿ ಹಲ್ಲಲ್ಲಿ ಕಡಿಯೋರು, ಕಟ್ ಅಂತ ಸದ್ದು ಬಂದ್ರೆ ಒಣಗಿದೆ, ಮೆತ್ತಗೆ ಅಮುಕಿದ್ರೆ ತೇವ ಇದೆ. ಆಮೇಲೆ ಚೂರು ಎಳೆ ತಗೊಂಡು ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆಯೋದು, ಒಂದರ ಮೇಲೊಂದು ಇಡೋದು, ಮತ್ತೆ ಎಳೆಯೋದು. ಹೀಗೆ ಏಳೆಂಟು ಸಲ ಮಾಡಿದ್ರೆ ಎಳೆಗಳೆಲ್ಲ ಬಾಚಿದ ಕೂದಲ ಹಾಗೆ ನೇರ ಆಗ್ತವೆ. ಅದನ್ನ ತಮ್ಮ ಕಪ್ಪು ಛತ್ರಿ ಬಟ್ಟೆ ಮೇಲೆ ಇಟ್ಟು ಉದ್ದ ನೋಡೋರು. ಸ್ಕೇಲು ಬೇಕಾಗ್ತಿರ್ಲಿಲ್ಲ. ಇಷ್ಟಕ್ಕೆಲ್ಲ ಒಂದು ನಿಮಿಷ ಸಾಕು, ಆ ನಿಮಿಷದಲ್ಲಿ ಒಬ್ಬ ರೈತನ ಆರು ತಿಂಗಳ ದುಡಿಮೆಗೆ ದರ ಬಿದ್ದುಬಿಡೋದು.

ಒಂದು ಸಲ ಮಾನ್ವಿ ಕಡೆಯ ಒಬ್ಬ ವಯಸ್ಸಾದ ರೈತರು ಬಂದಿದ್ರು. ಅಪ್ಪ ಬೀಜ ಕಡಿದ್ರು, ಎಳೆ ಎಳೆದ್ರು, ಛತ್ರಿ ಮೇಲಿಟ್ರು. 'ಎಳಿ ಗಿಡ್ಡ ಅದರೀ, ಹಸೀನೂ ಅದ' ಅಂದ್ರು, ದರ ಹೇಳಿದ್ರು. ಆ ಮುದುಕ ವಾದ ಮಾಡಲಿಲ್ಲ. ಛತ್ರಿ ಮೇಲಿದ್ದ ಆ ಒಂದು ಚಿಟಿಕೆ ಎಳೆಯನ್ನ ಎರಡು ಬೆರಳಲ್ಲಿ ಎತ್ಕೊಂಡು, ಸ್ವಲ್ಪ ಹೊತ್ತು ನೋಡಿ, ಅಂಗಿ ಜೇಬಲ್ಲಿ ಹಾಕ್ಕೊಂಡ್ರು. ಉಳಿದವರೆಲ್ಲ ಸ್ಯಾಂಪಲ್ ಹತ್ತಿ ನೆಲಕ್ಕೆ ಬಿಟ್ಟು ಹೋಗ್ತಿದ್ರು, ಸಂಜೆ ಹಮಾಲರ ಹೆಣ್ಣುಮಕ್ಕಳು ಗುಡಿಸಿ ಒಯ್ತಿದ್ರು. ಇವರು ಮಾತ್ರ ಬಿಡಲಿಲ್ಲ. ಅಪ್ಪ ಹೇಳಿದ್ದು ಸರಿಯೇ ಇತ್ತು, ತೂಕದಲ್ಲೂ ಮೋಸ ಇರ್ಲಿಲ್ಲ. ಆದ್ರೂ ಆ ಜೇಬು ನನಗೆ ಮರೆಯೋಕೆ ಆಗಿಲ್ಲ.

ಈಗ ಕೈ ಅಂದಾಜಿಗೆ ಮೊದಲಿನ ಬೆಲೆ ಇಲ್ಲ, ಮಷೀನು ಬಂದಿದೆ. ಹತ್ತಿ ನಿಗಮದವರು ಬೆಂಬಲ ಬೆಲೆಗೆ ತಗೊಳ್ಳುವಾಗ ಮೀಟರ್ ಚುಚ್ಚಿ ನೋಡ್ತಾರೆ, ತೇವ 8 ಪರ್ಸೆಂಟ್ ಒಳಗಿದ್ರೆ ಪೂರ್ತಿ ದರ, ಮೇಲೆ ಹೋದಂಗೆ ಕಡಿತ, 12 ದಾಟಿದ್ರೆ ತಗೊಳ್ಳೋದೇ ಇಲ್ಲ. ಮಷೀನ್ ಬೇಕಾದದ್ದು ಯಾಕೆ? ಕೊಯಮತ್ತೂರಿನ ಮಿಲ್ಲಿನವನು ರಾಯಚೂರಿಗೆ ಬಂದು ಅಂಡಿಗೆಯೊಳಗೆ ಕೈ ಹಾಕೋಕೆ ಆಗಲ್ಲ. ಅವನಿಗೆ ಕಾಗದದ ಮೇಲೆ ನಂಬರ್ ಬೇಕು. ಕಾರ್ಡಿಗೂ ಇದೇ. ಸಿಡ್ನಿಯಲ್ಲಿ ಕೂತ ಒಬ್ಬ ನನ್ನ ಕಾರ್ಡನ್ನ ಕೈಯಲ್ಲಿ ಹಿಡಿದು ನೋಡಲಾರ, ನನ್ನ ಮಾತು ನಂಬೋದಕ್ಕೆ ಅವನಿಗೆ ಕಾರಣವೂ ಇಲ್ಲ. ಆ ನಂಬಿಕೆಯನ್ನ ಒಂದು ಮೂರನೇ ಕಂಪನಿ ನಂಬರ್ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತೆ. ನಾವು ದುಡ್ಡು ಕೊಡೋದು ಅದಕ್ಕೆ. ಕಾರ್ಡು ಮೊದಲಿನದೇ ಕಾರ್ಡು, ಡಬ್ಬಿಯೊಳಗೆ ಹೋಗಿ ಬಂದ ಮಾತ್ರಕ್ಕೆ ಅದರ ಮೂಲೆ ಚೂಪಾಗಿರಲ್ಲ.

ಭೂತಗನ್ನಡಿ ಕೆಳಗೆ

ಕಳಿಸೋ ಮುಂಚೆ ನಾವೇ ಕಠಿಣವಾಗಿ ನೋಡಬೇಕು, ಅದೇ ಈ ವಿಷಯದ ಮುಕ್ಕಾಲು ಪಾಲು. ಕಂಪನಿಗಳು ನೋಡೋದು ನಾಲ್ಕು, ಸೆಂಟರಿಂಗ್ (ಚಿತ್ರ ಕಾರ್ಡಿನ ಸರಿ ನಡುವೆ ಕೂತಿದೆಯಾ ಅಂತ), ಮೂಲೆ, ಅಂಚು, ಮೇಲ್ಮೈ. ಪಿಎಸ್‌ಎ ಅನ್ನೋ ಅಮೆರಿಕದ ಕಂಪನಿ ಒಂದೇ ನಂಬರ್ ಕೊಡುತ್ತೆ, 10 ಅಂದ್ರೆ ಜೆಮ್ ಮಿಂಟ್, 9 ಮಿಂಟ್, 8 ನಿಯರ್ ಮಿಂಟ್-ಮಿಂಟ್. ಇನ್ನೊಂದು ಕಂಪನಿ ಬೆಕೆಟ್‌ನವರು ನಾಲ್ಕಕ್ಕೂ ಬೇರೆ ಬೇರೆ ಅಂಕ ಕೂಡ ಕೊಡ್ತಾರೆ, ಅರ್ಧ ಅಂಕನೂ ಇರುತ್ತೆ. ಸೆಂಟರಿಂಗ್ ನೋಡೋದು ಸುಲಭ, ಮಕ್ಕಳ ಸ್ಕೇಲ್ ಸಾಕು. ಎಡಗಡೆ ಬಿಳಿ ಅಂಚು 3 ಮಿಲಿಮೀಟರ್, ಬಲಗಡೆ 2 ಇದ್ರೆ ಅದು 60/40. ಹತ್ತು ಬರಬೇಕಂದ್ರೆ ಮುಂದಿನ ಬದಿ 55/45ರ ಆಸುಪಾಸು ಇರಬೇಕು, ಹಿಂದಿನ ಬದಿಗೆ 75/25ರವರೆಗೆ ನಡೆಯುತ್ತೆ. ಸೆಂಟರಿಂಗ್ ಪ್ರೆಸ್ಸಿನಲ್ಲೇ ಆಗಿರೋ ತಪ್ಪು, ನೀವು ಎಷ್ಟೇ ಜೋಪಾನ ಮಾಡಿದ್ರೂ ತಿದ್ದೋಕಾಗಲ್ಲ, ಅದಕ್ಕೇ ಮೊದಲು ಅದನ್ನೇ ನೋಡಿ, ಅಲ್ಲೇ ಬಿದ್ದುಹೋಗೋ ಕಾರ್ಡಿನ ಮೇಲೆ ಉಳಿದ ಟೈಮ್ ಹಾಕಬೇಡಿ.

ಮೂಲೆ, ಅಂಚಿಗೆ ಬೇಕಾದ ಭೂತಗನ್ನಡಿಯನ್ನ ನಾನು ನಮ್ಮ ಪರಿಚಯದ ಪತ್ತಾರರ ಹತ್ರ ಎರಡು ದಿನಕ್ಕೆ ಇಸ್ಕೊಂಡು ಬಂದಿದ್ದೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು. ಕಣ್ಣಿಗೆ ಚೂಪಾಗಿ ಕಾಣೋ ಮೂಲೆ ಅದರ ಕೆಳಗೆ ಬೇರೇನೇ ಕಾಣುತ್ತೆ. ಕುಂಬ್ಳೆ ಕಾರ್ಡಿನ ಮೂರು ಮೂಲೆ ಚೆನ್ನಾಗಿದ್ವು. ನಾಲ್ಕನೇದರಲ್ಲಿ, ಹಿಂಭಾಗದ ಕೆಳಗೆ, ಸಾಸಿವೆ ಕಾಳಿನ ಕಾಲು ಭಾಗದಷ್ಟು ಬಣ್ಣ ಎದ್ದು ಬಿಳಿ ಕಾಗದ ಕಾಣ್ತಿತ್ತು. ಇಷ್ಟಕ್ಕೆ ಹತ್ತು ಹೋಯ್ತು ಅಂತ ಇಟ್ಕೊಳ್ಳಿ, ಒಂಬತ್ತು ಇನ್ನೂ ಇತ್ತು. ಆಮೇಲೆ ಮೇಲ್ಮೈ. ಇದನ್ನ ನೇರ ಬೆಳಕಲ್ಲಿ ನೋಡಿದ್ರೆ ಏನೂ ಗೊತ್ತಾಗಲ್ಲ. ರಾತ್ರಿ ರೂಮಿನ ಲೈಟ್ ಆರಿಸಿ, ಒಂದೇ ಟೇಬಲ್ ಲ್ಯಾಂಪ್ ಹಚ್ಚಿ, ಕಾರ್ಡನ್ನ ಅದರ ಕೆಳಗೆ ನಿಧಾನಕ್ಕೆ ಓರೆ ಮಾಡ್ತಾ ಹೋಗಬೇಕು, ಬೆಳಕು ಕಾರ್ಡಿನ ಮೇಲೆ ನೀರಿನ ಹಾಗೆ ಹರಿಯುವಾಗ ಎಲ್ಲಿ ತಡೆಯುತ್ತೋ ಅಲ್ಲಿ ಗೀರು, ಗುಳಿ, ಪ್ರಿಂಟ್ ಗೆರೆ ಇರುತ್ತೆ. ಎಡ ಅಂಚಿಗೆ ಸಮವಾಗಿ, ಮೇಲಿಂದ ಎರಡು ಸೆಂಟಿಮೀಟರ್ ಕೆಳಗೆ ಬೆಳಕು ತಡೀತು. ಒಂದು ತೆಳ್ಳನೆ ಒತ್ತು ಗೆರೆ, ಕಾಲು ಇಂಚು ಉದ್ದ, ಒಂದು ಗ್ಯಾಪು, ಮತ್ತೆ ಕಾಲು ಇಂಚು. ಮುರಿದಿಲ್ಲ, ಬಣ್ಣ ಹೋಗಿಲ್ಲ, ಬರೀ ಒತ್ತಿದೆ. ಏನಿದು ಅಂತ ಆ ರಾತ್ರಿ ತಿಳೀಲಿಲ್ಲ. ಅಂಥ ಗುಳಿಗೆ ಎಂಟು ಬಂದ್ರೆ ಪುಣ್ಯ, ಆರೂ ಆಗಬಹುದು.

ಚೀಟಿ ಲೆಕ್ಕ

ಹೊಸದಾಗಿ ಕಾರ್ಡು ಸೇರಿಸೋರು ಹೆಚ್ಚಿನವರು ತಲೇಲಿಟ್ಕೊಳ್ಳೋದು ಹತ್ತರ ಬೆಲೆ ಮಾತ್ರ. ಫ್ಲೀರ್ ಕಂಪನಿಯ 1986ರ ಕಾರ್ಡು, ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ದು, ಪಿಎಸ್‌ಎ 10, 2021ರ ಜನವರಿಯಲ್ಲಿ 7 ಲಕ್ಷ 38 ಸಾವಿರ ಡಾಲರಿಗೆ ಹೋಯ್ತು. ಅದೇ ಕಾರ್ಡು ಒಂಬತ್ತು ಬಂದದ್ದು ಅದರ ಹತ್ತಿರಕ್ಕೂ ಹೋಗಲಿಲ್ಲ, ಆ ಹತ್ತರ ಬೆಲೆನೂ ಮುಂದಿನ ತಿಂಗಳುಗಳಲ್ಲೇ ಅರ್ಧಕ್ಕಿಂತ ಕೆಳಗೆ ಬಿತ್ತು. ಆ ಸುದ್ದಿ ನೋಡಿ ಲೋಕವೆಲ್ಲ ಕಾರ್ಡು ಕಳಿಸೋಕೆ ಶುರು ಮಾಡಿ, ಅದೇ ಮಾರ್ಚ್‌ನಲ್ಲಿ ಪಿಎಸ್‌ಎ ತನ್ನ ಬಹುತೇಕ ಸೇವಾ ದರ್ಜೆಗಳಲ್ಲಿ (ಫೀಸಿಗೆ ತಕ್ಕ ಹಾಗೆ ಬೇರೆ ಬೇರೆ ಇರ್ತವೆ) ಹೊಸ ಕಾರ್ಡು ತಗೊಳ್ಳೋದನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯ್ತು, ಅಷ್ಟು ರಾಶಿ ಬಿದ್ದಿತ್ತು.

ನಮ್ಮ ಮಟ್ಟಿಗೆ ಬರೋಣ. ಪಿಎಸ್‌ಎಯಲ್ಲಿ ಅಗ್ಗದ ದರ್ಜೆಗೂ ಒಂದು ಕಾರ್ಡಿಗೆ ಇಪ್ಪತ್ತು ಡಾಲರ್ ದಾಟುತ್ತೆ. ಹೋಗೋ ಕೊರಿಯರ್, ಬರೋ ಕೊರಿಯರ್, ಇನ್ಶೂರೆನ್ಸ್, ವಾಪಸ್ ಬರುವಾಗ ಕಸ್ಟಮ್ಸ್, ಎಲ್ಲ ಸೇರಿಸಿ ನಾನು ಒಂದಕ್ಕೆ 4,500 ರೂಪಾಯಿ ಹಿಡಿದೆ. ಕಾರ್ಡಿನ ಬೆಲೆ ಆ ದರ್ಜೆಯ ಮಿತಿಗಿಂತ ಜಾಸ್ತಿ ಅಂತ ಅವರಿಗೆ ಕಂಡ್ರೆ ಮೇಲಿನ ದರ್ಜೆ ಫೀಸು ಹಾಕ್ತಾರೆ, ಅದು ಬೇರೆ. ಈಗ ಮೂರು ಸಾವಿರದ ಇಂಥ ಹತ್ತು ಕಾರ್ಡು ಇದ್ವು ಅಂದ್ಕೊಳ್ಳಿ. ನನ್ನ ಅಂದಾಜಲ್ಲಿ ಹತ್ತು ಬಂದ್ರೆ 15,000, ಒಂಬತ್ತಕ್ಕೆ 6,000, ಎಂಟಕ್ಕೆ ಸುಮ್ನೆ ಮಾರಿದಷ್ಟೇ 3,000, ಅದಕ್ಕಿಂತ ಕೆಳಗೆ 1,500. ಹತ್ತರಲ್ಲಿ ಒಂದಕ್ಕೆ 10, ಮೂರಕ್ಕೆ 9, ನಾಲ್ಕಕ್ಕೆ 8, ಎರಡು ಅದಕ್ಕೂ ಕೆಳಗೆ ಬಂದ್ರೆ ಒಟ್ಟು 48,000. ಖರ್ಚು 45,000. ಕೈಯಲ್ಲಿ ಉಳಿಯೋದು 3,000. ಕಳಿಸದೆ ಮಾರಿದ್ರೆ 30,000 ಬರ್ತಿತ್ತು! ಈ ಲೆಕ್ಕವನ್ನ ಒಂದು ಮದುವೆ ಕಾರ್ಡಿನ ಹಿಂದೆ ಬರೆದು ನೋಡಿದಾಗ ನಾನು ಎರಡು ಸಲ ಕೂಡಿಸಿದೆ, ತಪ್ಪಿರಬೇಕು ಅಂತ. ತಪ್ಪಿರ್ಲಿಲ್ಲ. ಇನ್ನೊಂದು ಥರ ಹಾಕಿ ನೋಡಿ, ನೀವೇ ಮೊದಲೇ ಕಠಿಣವಾಗಿ ಆರಿಸಿ ಒಳ್ಳೇವು ಮಾತ್ರ ಕಳಿಸಿದ್ರಿ, ನಾಲ್ಕಕ್ಕೆ 10, ನಾಲ್ಕಕ್ಕೆ 9, ಎರಡಕ್ಕೆ 8 ಬಂತು. ಆಗ 90,000, ಖರ್ಚು ಕಳೆದ್ರೆ 45,000, ಮೂವತ್ತಕ್ಕಿಂತ ಹದಿನೈದು ಸಾವಿರ ಜಾಸ್ತಿ. ಫೀಸು ಅದೇ, ಬೆಲೆ ಅದೇ, ಬದಲಾಗಿದ್ದು ಆರಿಸಿದ ಕಣ್ಣು. ಹಾಗಾಗಿ ಯಾರಾದ್ರೂ 'ಈ ಕಾರ್ಡು ಕಳಿಸಬಹುದಾ' ಅಂದ್ರೆ ನಾನು ಕೇಳೋದು ಒಂದೇ, ಒಂಬತ್ತು ಬಂದ್ರೂ ನಿಮಗೆ ನಷ್ಟ ಇಲ್ವಾ? ನಷ್ಟ ಇಲ್ಲ ಅಂದ್ರೆ ಕಳಿಸಿ. ಹತ್ತು ಬಂದ್ರೆ ಮಾತ್ರ ಲಾಭ ಅನ್ನೋ ಕಾರ್ಡನ್ನ ಕಳಿಸಬೇಡಿ.

ಕ್ರಿಕೆಟ್ ಕಾರ್ಡಿಗೆ ಇನ್ನೊಂದು ತೊಡಕಿದೆ. ಕಂಪನಿಗಳು ಪಾಪ್ಯುಲೇಶನ್ ರಿಪೋರ್ಟ್ ಇಡ್ತವೆ, ಯಾವ ಕಾರ್ಡಿಗೆ ಯಾವ ಗ್ರೇಡ್ ಎಷ್ಟು ಸಲ ಕೊಟ್ಟಿದೀವಿ ಅಂತ. ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಕಾರ್ಡಿನಲ್ಲಿ ಆ ಸಂಖ್ಯೆ ಕಡಿಮೆ ಇದ್ರೆ ಅಪರೂಪ ಅಂತ ಅರ್ಥ ಮಾಡ್ಕೋಬಹುದು. ನಮ್ಮ ತೊಂಬತ್ತರ ಕ್ರಿಕೆಟ್ ಕಾರ್ಡಿಗೆ ಕಡಿಮೆ ಇದ್ರೆ ಯಾರೂ ಕಳಿಸಿಲ್ಲ ಅಂತಲೂ ಆಗಿರಬಹುದು. ಎಷ್ಟೋ ಮನೆ ಟ್ರಂಕಿನಲ್ಲಿ ಇನ್ನೂ ಮಲಗಿರ್ತವೆ. 'ಲೋಕದಲ್ಲಿ ಇದೊಂದೇ' ಅಂತ ಮಾರೋರ ಮಾತಿಗೆ ಅದಕ್ಕೇ ನಾನು ಬೆಲೆ ಕೊಡಲ್ಲ.

ಗ್ರೇಡ್ ಇಲ್ಲದೆ ಬಂದ ಕಾರ್ಡು

ಇಷ್ಟೆಲ್ಲ ಲೆಕ್ಕ ಗೊತ್ತಿದ್ದೂ ನಾನು ಒಂದು ಸಲ ಕಳಿಸಿದೀನಿ. 2021ರಲ್ಲೇ. ಹತ್ತಾರು ಜನರ ಕಾರ್ಡು ಒಟ್ಟುಮಾಡಿ ಅಮೆರಿಕಕ್ಕೆ ಕಳಿಸೋ ಒಬ್ಬರ ಮೂಲಕ ನಾಲ್ಕು ಕಾರ್ಡು ಕಳಿಸಿದೆ, ಮೂರು ಐಪಿಎಲ್ ಅಟ್ಯಾಕ್ಸ್ ಕಾರ್ಡು, ಒಂದು ಹಳೆ ಸಚಿನ್, ಹೈದರಾಬಾದಿನ ಒಬ್ಬರಿಂದ ಕೊಂಡಿದ್ದು. ಒಂದು ವರ್ಷದ ಮೇಲೆ ವಾಪಸ್ ಬಂದ್ವು. ಒಂದು 9, ಎರಡು 8. ಸಚಿನ್ ಮಾತ್ರ ಡಬ್ಬಿ ಇಲ್ಲದೆ, ಬರೀ ಸ್ಲೀವಿನಲ್ಲಿ ಬಂತು, ಜೊತೆಗೊಂದು ಚೀಟಿ, ಅಳತೆ ಕಡಿಮೆ ಇದೆ, ಗ್ರೇಡ್ ಕೊಡೋಕಾಗಲ್ಲ ಅಂತ. ಕಾರ್ಡಿನ ಮಾಮೂಲಿ ಅಳತೆ ಎರಡೂವರೆ ಇಂಚಿಗೆ ಮೂರೂವರೆ, ನನ್ನದು ಅಗಲದಲ್ಲಿ ಒಂದು ಮಿಲಿಮೀಟರಿನಷ್ಟು ಕಡಿಮೆ. ಅಂಚು ಸವೆದದ್ದನ್ನ ಮುಚ್ಚೋಕೆ ಕತ್ತರಿಸೋರು ಇರ್ತಾರಲ್ಲ, ಅಂಥದ್ದಿರಬಹುದು ಅನ್ನೋ ಅನುಮಾನ ಆ ಚೀಟಿಯೊಳಗೆ ಇರುತ್ತೆ. ಫ್ಯಾಕ್ಟರಿಯಲ್ಲೇ ಗಿಡ್ಡ ಕತ್ತರಿಸಿರೋ ಕಾರ್ಡುಗಳೂ ಇರ್ತವೆ ಅಂತ ಆಮೇಲೆ ತಿಳೀತು. ನಾನು ಕತ್ತರಿ ಮುಟ್ಟಿಲ್ಲ. ಆದ್ರೆ ಆ ಚೀಟಿ ಓದಿದ ರಾತ್ರಿ ಯಾರೋ ನನ್ನನ್ನೇ ಕಳ್ಳ ಅಂದ ಹಾಗೆ ಮೈ ಬಿಸಿಯಾಗಿತ್ತು, ಊಟ ಸೇರಲಿಲ್ಲ. ದುಡ್ಡು ಹೋದದ್ದಕ್ಕಿಂತ ಅದು ದೊಡ್ಡದಾಗಿ ನೋಯಿಸ್ತು. ಆಗಲೇ ನನಗೆ ಮಾನ್ವಿ ರೈತರ ಜೇಬು ನೆನಪಾಗಿದ್ದು, ಎಷ್ಟೋ ವರ್ಷದ ಮೇಲೆ. ಅವರ ಹತ್ತಿಗೆ ದರ ಬೀಳಲೇಬೇಕಿತ್ತು, ಮನೆಗೆ ಹೊತ್ತು ಒಯ್ಯೋಕೆ ಆಗ್ತಿರ್ಲಿಲ್ಲ. ನನಗೆ ಆ ಬಲವಂತ ಇರ್ಲಿಲ್ಲ, ಆದ್ರೂ ನಾನೇ ಹೋಗಿ ಛತ್ರಿ ಮುಂದೆ ನಿಂತಿದ್ದೆ.

ಹಾಗಂತ ಆ ನಂಬರು ದೇವರ ವಾಕ್ಯ ಏನಲ್ಲ. ಪಿಎಸ್‌ಎ 1991ರಲ್ಲಿ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಮಾಡಿದ್ದು ಅಮೆರಿಕದ ಹಳೆ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್‌ನ ಟಿ206 ಅನ್ನೋ ಸೆಟ್ಟಿನ ಕಾರ್ಡು, ಕೊಟ್ಟದ್ದು 8. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್‌ಸ್ಕಿ ಒಬ್ಬರ ಪಾಲುದಾರಿಕೆಯಲ್ಲಿ ಅದನ್ನ 4 ಲಕ್ಷ 51 ಸಾವಿರ ಡಾಲರಿಗೆ ಕೊಂಡಿದ್ರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯ್ತು. 2013ರಲ್ಲಿ ಕಾರ್ಡು ಹರಾಜು ನಡೆಸ್ತಿದ್ದ ಬಿಲ್ ಮ್ಯಾಸ್ಟ್ರೋ ಕೋರ್ಟಿನಲ್ಲಿ ಒಪ್ಪಿಕೊಂಡ, ಆ ಕಾರ್ಡಿನ ಅಂಚನ್ನ ತಾನೇ ಕತ್ತರಿಸಿದ್ದು ಅಂತ. ಜಗತ್ತಿನ ಅತಿ ಹೆಸರುವಾಸಿ ಗ್ರೇಡೆಡ್ ಕಾರ್ಡಿನ ಕಥೆ ಇದು. ಅಂಡಿಗೆಯ ಮೇಲಿನ ಹತ್ತಿ ನೋಡಿ ದರ ಹಾಕಿದ ಹಾಗಾಯ್ತು. ಹಾಗಾದ್ರೆ ಗ್ರೇಡಿಂಗೇ ಸುಳ್ಳು ಅಂತೀರಾ? ಇಲ್ಲ. ನಕಲಿ ಕಾರ್ಡು ತುಂಬಿರೋ ಮಾರ್ಕೆಟ್ಟಿನಲ್ಲಿ ಅಸಲಿ ಅನ್ನೋ ಮುದ್ರೆಗೆ ನಿಜವಾದ ಬೆಲೆ ಇದೆ, ತುಂಬಾ ಹಳೆ, ದುಬಾರಿ ಕಾರ್ಡಿದ್ರೆ, ದೂರದವರಿಗೆ ಮಾರೋದಿದ್ರೆ, ಇಬ್ಬರು ಅಣ್ಣತಮ್ಮಂದಿರು ಪಾಲು ಮಾಡ್ಕೊಳ್ಳೋದಿದ್ರೆ ನಾನೇ ಕಳಿಸಿ ಅಂತೀನಿ. ಕೊಟ್ಟ ನಂಬರನ್ನೂ ಮನುಷ್ಯರೇ ಕೊಟ್ಟಿರ್ತಾರೆ ಅನ್ನೋದು ನೆನಪಿದ್ರೆ ಸಾಕು.

ದಾರ

ಹೋದ ತಿಂಗಳು ಅಪ್ಪನಿಗೆ ಎಲ್ಲ ಹೇಳಿದೆ. ಅವರಿಗೀಗ ಎಪ್ಪತ್ತಾರು, ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ ಇದೆ. ಇಷ್ಟು ಖರ್ಚಾಗುತ್ತೆ, ಇಂತಿಷ್ಟು ಬರಬಹುದು ಅಂತ ಲೆಕ್ಕ ಒಪ್ಪಿಸಿದೆ. ಕೇಳಿಸ್ಕೊಂಡು ಕೂತಿದ್ರು. ಆಮೇಲೆ ಕೇಳಿದ್ರು, 'ಇದನ್ನ ಮಾರ್ತೀಯೇನು?'

ಇಲ್ಲಪ್ಪಾ, ಮಾರಲ್ಲ ಅಂದೆ.

'ಮತ್ತ ಯಾರಿಗೆ ತೋರ್ಸಾಕ? ಮನಿ ಗಾದಿಗೆ ಹತ್ತಿ ತಂದ್ರ ಯಾರರ ಗ್ರೇಡ್ ಮಾಡಿಸ್ತಾರೇನು?'

ನನ್ನ ಹತ್ರ ಉತ್ತರ ಇತ್ತು, ಹೇಳೋಕೆ ಮಾತ್ರ ನಾಚಿಕೆ ಆಯ್ತು. ಎಂಟು ತಿಂಗಳು ನಾನು ಒದ್ದಾಡಿದ್ದು ಹದಿನೈದು ಸಾವಿರಕ್ಕಲ್ಲ. ದೂರದ ಯಾರೋ, ನನ್ನ ಗುರುತಿಲ್ಲದವರು, ಈ ಕಾರ್ಡು ನೋಡಿ ಹೌದು ಇದು ಚೆನ್ನಾಗಿದೆ ಅನ್ನಲಿ ಅಂತ ಆಸೆ ಇತ್ತು. ನನ್ನ ಬಾಲ್ಯದ ಒಂದು ವಸ್ತು ಹಾಳಾಗದೆ ಉಳಿದಿದೆ ಅನ್ನೋದಕ್ಕೆ ಒಂದು ಮುದ್ರೆ ಬೇಕಿತ್ತು. ಅದನ್ನ ಅಪ್ಪನ ಮುಂದೆ ಹೇಗೆ ಹೇಳೋದು, ಸುಮ್ನಾದೆ.

'ಕೊಡಿಲ್ಲಿ' ಅಂದ್ರು. ಟೇಪ್ ಬಿಚ್ಚಿ, ಹೋಲ್ಡರಿಂದ ತೆಗೆದು, ಸ್ಲೀವ್ ಕಳಚಿ ಅವರ ಅಂಗೈ ಮೇಲಿಟ್ಟೆ. ಕಣ್ಣ ಹತ್ರ ತಗೊಂಡು ಹೋಗಲಿಲ್ಲ ಅವರು. ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳನ್ನ ಮೇಲಿಂದ ಕೆಳಗೆ ನಿಧಾನಕ್ಕೆ ಎಳೆದ್ರು, ಎಳೆ ನೋಡೋ ಹಾಗೆ. ಮೂರನೇ ಸಲಕ್ಕೆ ಬೆರಳು ಎಡ ಅಂಚಿನ ಹತ್ರ ನಿಂತ್ಕೊಂಡ್ತು. ನಾನು ಲ್ಯಾಂಪ್ ಹಿಡಿದು ಅರ್ಧ ತಾಸು ಹುಡುಕಿದ ಜಾಗದಲ್ಲೇ. ಸ್ವಲ್ಪ ಹೊತ್ತು ಅಲ್ಲೇ ಉಜ್ಜಿದ್ರು, ಆಮೇಲೆ 'ಇದು ದಾರ ನೋಡು' ಅಂದ್ರು. ಯಾವ ದಾರ ಅಂದೆ. 'ಖಾತಿ ಪುಸ್ತಕ ನಡುವ ಹೊಲದಿರ್ತಾರಲ್ಲ, ಆ ದಾರ. ಹೊಲಿಗಿ ಒತ್ತೇದ.'

ಕಾಲು ಇಂಚು, ಒಂದು ಗ್ಯಾಪು, ಮತ್ತೆ ಕಾಲು ಇಂಚು. ಹೌದು, ಹೊಲಿಗೆ.

ಆ ಪುಸ್ತಕ ರದ್ದಿಗೆ ಹೋಗಿ ವರ್ಷಗಳಾಗಿವೆ. ಅದರಲ್ಲಿದ್ದ ಹೆಸರುಗಳು, ಅಂಡಿಗೆ ಲೆಕ್ಕ, ಬಾಕಿ, ಅಪ್ಪನ ಇಳಿಜಾರು ಅಕ್ಷರ ಯಾವುದೂ ಈಗ ಇಲ್ಲ. ಆ ಕಾಲು ಇಂಚಿನ ಒತ್ತು ಉಳಿದಿದೆ. ಗ್ರೇಡ್ ಮಾಡೋರು ಅದನ್ನ ಗುಳಿ ಅಂತ ಬರ್ಕೋತಾರೆ, ಬರ್ಕೊಳ್ಳೋದು ಸರಿಯೇ, ಅವರ ಕೆಲಸ ಅದು.

ಅರ್ಧ ತುಂಬಿದ್ದ ಫಾರ್ಮ್ ಹರಿದುಹಾಕಿದೆ. ಕಾರ್ಡಿಗೆ ಹೊಸ ಸ್ಲೀವ್ ತಂದಿದೀನಿ, ಹಳೆ ಪಿವಿಸಿ ಆಲ್ಬಮ್ ಹಾಳೆಗಳ ಥರ ಅಂಟೋದಲ್ಲ. ಟೇಪ್ ಮಾತ್ರ ಈಗ ಸುತ್ತಲ್ಲ. ವಾರಕ್ಕೊಂದು ಸಲ ಅಪ್ಪ ಕೇಳ್ತಾರೆ, ತೆಗೆದು ಕೊಡ್ತೀನಿ. ಮೊನ್ನೆ ಹಿಂದಿನ ಬದಿ ತಿರುಗಿಸಿ ಅಂಕಿಸಂಖ್ಯೆ ಓದಿ ಹೇಳು ಅಂದ್ರು. ಓದಿದೆ, ಪಂದ್ಯ ಇಷ್ಟು, ವಿಕೆಟ್ ಇಷ್ಟು ಅಂತ. ಅತ್ಯುತ್ತಮ ಬೌಲಿಂಗ್ ಓದುವಾಗ ತಡೆದ್ರು.

'ಕೋಟ್ಲಾದ್ದು ಇಲ್ಲೇನು?'

ಇಲ್ಲಪ್ಪಾ, ಇದು ಅದಕ್ಕಿಂತ ಮೂರು ವರ್ಷ ಮೊದಲಿನದು ಅಂದೆ. ಹೂಂ ಅಂದ್ರು, ಬೆರಳು ಇನ್ನೂ ಆ ಹೊಲಿಗೆ ಮೇಲೇ ಇತ್ತು.